ಅರಗಿನ ಮುದ್ರೆ ಬಿದ್ದ ಪೆಟ್ರೋಲ್ ಟ್ಯಾಂಕು

1943ರಲ್ಲಿ ನಾನು ಹಾಸನದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಊರಿನವರ ಬಾಯಲ್ಲಿ ಮೇಸ್ತ್ರಿ. ಯುದ್ಧದ ಕಾಲ, ಕೂಪನ್ ಇಲ್ಲದೆ ಒಂದು ತೊಟ್ಟು ಪೆಟ್ರೋಲೂ ಸಿಗುತ್ತಿರಲಿಲ್ಲ. ಹೊಳೆನರಸೀಪುರ, ಅರಕಲಗೂಡಿನ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಅವುಗಳ ಮಸಿ ತೆಗೆಯುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಹಾಗಾಗಿ ಪೆಟ್ರೋಲಿನ ಕಾರೊಂದು ರಿಪೇರಿಗೆ ಬಂದರೆ ನನಗೆ ಹಬ್ಬ. ಕಾಯಿಲೆ ಏನೆಂದು ಬಾನೆಟ್ ಎತ್ತುವ ಮೊದಲೇ ಹೇಳಬಲ್ಲೆ ಎಂಬ ಜಂಬವೂ ಇತ್ತು. ಆ ಜಂಬ ಒಬ್ಬನ ಕೆಲಸವನ್ನೇ ತಿಂದುಹಾಕುವುದರಲ್ಲಿತ್ತು.

ಆ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಶಾಂತಿಗ್ರಾಮದ ಕಡೆಯಿಂದ ಜೋಡಿ ಎತ್ತುಗಳು ಒಂದು ಕಾರನ್ನು ಎಳೆದುಕೊಂಡು ಬಂದವು. ಹದಿನೈದು ವರ್ಷದ ಹಳೆಯ ಕಾರು. ಮಾಲೀಕರು ಚನ್ನರಾಯಪಟ್ಟಣದ ಮರುಳಪ್ಪನವರು, ತೆಂಗಿನಕಾಯಿ ವ್ಯಾಪಾರಸ್ಥರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಕರಿಯ ಕೋಟು, ಮುಖದಲ್ಲಿ ಕೆಂಡದಂಥ ಕೋಪ. ಸ್ಟೀರಿಂಗ್ ಹಿಡಿದು ಕೂತಿದ್ದವನು ಅವರ ಡ್ರೈವರ್, ಸಾಲಗಾಮೆಯ ಕಾಳೇಗೌಡ. ಆರು ವರ್ಷದಿಂದ ಅವರ ಹತ್ತಿರವೇ ಇದ್ದವನು.

"ಹದಿನೈದು ದಿನದಲ್ಲಿ ಇದು ಮೂರನೇ ಸಲ ಮೇಸ್ತ್ರಿ," ಎಂದರು ಮರುಳಪ್ಪನವರು. "ದಾರಿಮಧ್ಯೆ ನಿಲ್ತದೆ. ಹ್ಯಾಂಡಲ್ ಹಾಕಿದ್ರೆ ಗರಗರ ಅಂತ ತಿರುಗ್ತದೆ, ಸ್ಟಾರ್ಟ್ ಆಗಾಕಿಲ್ಲ. ಇವನೇನೋ ಆಟ ಕಟ್ಟವನೆ."

ಕಾಳೇಗೌಡ ಸ್ಟೀರಿಂಗ್ ಬಿಟ್ಟು ಕೆಳಗಿಳಿದ. ನಾನು ಅವನನ್ನು ಏನೂ ಕೇಳಲಿಲ್ಲ.

ಎಂಜಿನ್ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ನೋಡಬೇಕಾದದ್ದು ಮೂರು: ಕಿಡಿ, ಪೆಟ್ರೋಲು, ಸಿಲಿಂಡರಿನೊಳಗಿನ ಒತ್ತಡ. ಪ್ಲಗ್ಗಿನ ತಂತಿಯನ್ನು ಕಬ್ಬಿಣಕ್ಕೆ ಹತ್ತಿರ ಹಿಡಿದು ಹ್ಯಾಂಡಲ್ ತಿರುಗಿಸಿದಾಗ ನೀಲಿ ಕಿಡಿ ಚಟಚಟನೆ ಹಾರಿತು. ಒತ್ತಡವೂ ಸರಿಯಾಗಿತ್ತು, ಹ್ಯಾಂಡಲ್ ಕೈಯನ್ನು ಹಿಂದಕ್ಕೆ ನೂಕುತ್ತಿತ್ತು. ಇನ್ನು ಪೆಟ್ರೋಲು. ಆ ಕಾರಿನ ಟ್ಯಾಂಕು ಮುಂದಿನ ಗಾಜಿನ ಕೆಳಗಿತ್ತು. ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ, ಅಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಬಟ್ಟಲಿಗೆ, ಇಳಿಯಬೇಕು. ಟ್ಯಾಂಕಿನ ಮುಚ್ಚಳ ನೋಡಿದರೆ ಅದರ ತುಂಬ ಕೆಂಪು ಅರಗು! ಮೇಲೆ ಮರುಳಪ್ಪನವರ ಉಂಗುರದ ಮುದ್ರೆ.

"ಪೆಟ್ರೋಲು ಸೋರಿಹೋಗಬಾರದು ನೋಡಿ," ಎಂದು ಅವರು ಡ್ರೈವರನ ಕಡೆ ಕಣ್ಣು ಹೊರಳಿಸಿದರು. ಆಗ ಟ್ಯಾಂಕಿಗೆ ಬೀಗ ಹಾಕಿಸಿದವರೂ ಇದ್ದರು. ಅರಗು ನನಗೆ ವಿಚಿತ್ರವೆನಿಸಲಿಲ್ಲ. ಅವರೇ ಅರಗನ್ನು ಒಡೆದು ಮುಚ್ಚಳ ತಿರುಪಿದರು. ಸುಸ್ ಎಂದು ಸಣ್ಣ ಸದ್ದಾಯಿತು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲಿತ್ತು. ಕಾರ್ಬ್ಯುರೇಟರಿನ ತಳದ ತಿರುಪು ಸಡಿಲಿಸಿದರೆ ಧಾರಾಳವಾಗಿ ಸುರಿಯಿತು. ಮತ್ತೆ ಬಿಗಿಮಾಡಿ ಹ್ಯಾಂಡಲ್ ಹಾಕಿದೆ. ಎರಡನೆಯ ಸುತ್ತಿಗೇ ಎಂಜಿನ್ ಗುರ್ರೆಂದಿತು.

ನಾನು ಏನನ್ನೂ ರಿಪೇರಿ ಮಾಡಿರಲಿಲ್ಲ. "ಗೊತ್ತಾಗಲಿಲ್ಲ" ಎಂದು ಒಪ್ಪಿಕೊಳ್ಳಬೇಕಿತ್ತು. ಆದರೆ ಮೇಸ್ತ್ರಿಯ ಬಾಯಲ್ಲಿ ಆ ಮಾತು ಬಂದೀತೆ? ಕೈಗೆ ಅಂಟಿದ್ದ ಪೆಟ್ರೋಲನ್ನು ಮೂಸಿ, ದೊಡ್ಡ ತಜ್ಞನ ಹಾಗೆ ಹೇಳಿದೆ: "ಸೀಮೆಎಣ್ಣೆ ಬೆರೆತ ಹಾಗಿದೆ."

ಅಷ್ಟೇ ಸಾಕಾಯಿತು. ಪೆಟ್ರೋಲು ಕದ್ದು ಸೀಮೆಎಣ್ಣೆ ಬೆರೆಸುವುದು ಆಗ ನಡೆಯುತ್ತಿದ್ದ ಕಳ್ಳತನವೇ. "ಮುದ್ರೆ ಒತ್ತೋಕ್ಕೆ ಮುಂಚೇನೇ ಬೆರೆಸಿದ್ದೀಯ ಕಣ್ಲಾ!" ಎಂದು ಮರುಳಪ್ಪನವರು ಗುಡುಗಿದರು. "ಬೀಗದಕೈ ಅಲ್ಲಿಡು. ನಾಳೆಯಿಂದ ಬರಬೇಡ."

ಕಾಳೇಗೌಡ ಬೀಗದಕೈಯನ್ನು ಮಡ್‌ಗಾರ್ಡಿನ ಮೇಲಿಟ್ಟ. "ನನ್ನ ಮಕ್ಕಳಾಣೆ ಬುದ್ಧಿ, ಒಂದು ತೊಟ್ಟು ಮುಟ್ಟಿಲ್ಲ," ಎಂದ. ನನ್ನ ಮುಖವನ್ನೊಮ್ಮೆ ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಸಾಲಗಾಮೆ ರಸ್ತೆ ಹಿಡಿದ. ಕಳ್ಳ ಎನಿಸಿಕೊಂಡ ಡ್ರೈವರನಿಗೆ ಈ ಸೀಮೆಯಲ್ಲಿ ಇನ್ನೊಬ್ಬರು ಕಾರು ಕೊಡುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಳೆಯ ಪೆಟ್ರೋಲನ್ನು ಬಸಿದು ಡಬ್ಬಕ್ಕೆ ತುಂಬಿಟ್ಟೆವು. ಕೂಪನ್ ಕೊಟ್ಟು ತಂದ ಹೊಸ ಪೆಟ್ರೋಲನ್ನು ಟ್ಯಾಂಕಿನ ಕಂಠದವರೆಗೆ ಹಾಕಿದೆವು. ಆಮೇಲೆ ಮರುಳಪ್ಪನವರು ಕಾರಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಅರಗು, ಮೇಣದಬತ್ತಿ, ಬೆಂಕಿಪೊಟ್ಟಣ, ಒಂದು ಚಮಚ. ಪೆಟ್ರೋಲಿನ ಹತ್ತಿರ ಬೆಂಕಿ ಕೂಡದೆಂಬ ಬುದ್ಧಿ ಅವರಿಗಿತ್ತು, ಪುಣ್ಯಕ್ಕೆ. ಹತ್ತು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ಅರಗು ಕರಗಿಸಿ, ದೀಪ ಆರಿಸಿ, ಪಂಚೆ ಎತ್ತಿ ಹಿಡಿದು ಓಡಿಬಂದು ಮುಚ್ಚಳದ ಮೇಲೆ ಸುರಿದು ಉಂಗುರ ಒತ್ತಿದರು. ನಗು ತಡೆಯಲು ನಾನು ಬೇರೆ ಕಡೆ ತಿರುಗಬೇಕಾಯಿತು.

ಡ್ರೈವರ್ ಇಲ್ಲದ್ದರಿಂದ ಅವರನ್ನು ಚನ್ನರಾಯಪಟ್ಟಣಕ್ಕೆ ಬಿಟ್ಟುಬರಲು ನಾನೇ ಹೊರಟೆ. ಮೂರನೆಯ ಮೈಲಿಕಲ್ಲು ದಾಟುವುದರೊಳಗೆ ಕಾರು ಮುಗ್ಗರಿಸಿತು, ಕೆಮ್ಮಿತು, ನಿಂತಿತು. ಇಳಿದು ಹ್ಯಾಂಡಲ್ ಹಾಕಿದೆ. ಗರಗರ ತಿರುಗಿತು. ಸ್ಟಾರ್ಟ್ ಆಗಲಿಲ್ಲ.

ಪೆಟ್ರೋಲು ಹೊಸದು, ನನ್ನ ಕಣ್ಣೆದುರೇ ಹಾಕಿದ್ದು. ಡ್ರೈವರ್ ನಾನೇ. ಇನ್ನು ಯಾರ ತಲೆಗೆ ಕಟ್ಟಲಿ? ಕಾರ್ಬ್ಯುರೇಟರಿನ ತಿರುಪು ಬಿಚ್ಚಿದೆ. ಟ್ಯಾಂಕು ತುಂಬಿದ್ದರೂ ಬಟ್ಟಲು ಒಣಗಿತ್ತು. ಬೆಳಿಗ್ಗೆ ಸುರಿದದ್ದು ಈಗೇಕೆ ಸುರಿಯುತ್ತಿಲ್ಲ? ಬೆಳಿಗ್ಗೆ ಮುಚ್ಚಳ ತೆಗೆದಿತ್ತು, ಈಗ ಹಾಕಿದೆ. ಆಗ ಆ ಸುಸ್ ಎಂಬ ಸದ್ದು ನೆನಪಾಯಿತು.

"ಯಜಮಾನರೇ, ಮುದ್ರೆ ಒಡೆಯಿರಿ," ಎಂದು ಕಿವಿಯನ್ನು ಟ್ಯಾಂಕಿಗೆ ಒತ್ತಿದೆ. ಮುಚ್ಚಳ ತಿರುಗುತ್ತಿದ್ದಂತೆ ಗಾಳಿ ಸುಸ್ಸೆಂದು ಒಳಗೆ ನುಗ್ಗಿತು. ತಿರುಪು ಬಿಚ್ಚಿದ್ದ ಬಟ್ಟಲಿನಿಂದ ಕಾಲಡಿಯ ನೆಲಕ್ಕೆ ಪೆಟ್ರೋಲು ಸುರಿಯತೊಡಗಿತು.

ಅಂಥ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ತೂತು ಇರುತ್ತದೆ. ಪೆಟ್ರೋಲು ಕೆಳಗಿಳಿದ ಹಾಗೆಲ್ಲ ಗಾಳಿ ಅಲ್ಲಿಂದ ಒಳಗೆ ಬರಬೇಕು. ಅರಗು ಕೆರೆದಾಗ ಆ ತೂತು ಕಣ್ಣಿಗೆ ಬಿತ್ತು. ಮರುಳಪ್ಪನವರಿಗೆ ಅವರ ವ್ಯಾಪಾರದ ಭಾಷೆಯಲ್ಲೇ ಹೇಳಿದೆ: "ಎಳನೀರಿಗೆ ಒಂದೇ ಒಂದು ಸಣ್ಣ ತೂತು ಮಾಡಿ ಬೋರಲು ಹಿಡಿದರೆ ನೀರು ಸುರಿಯುತ್ತದೆಯೆ?"

"ಇಲ್ಲ. ಇನ್ನೊಂದು ತೂತು ಬೇಕು."

"ಆ ಇನ್ನೊಂದು ತೂತಿನ ಮೇಲೆ ನಿಮ್ಮ ಉಂಗುರ ಕೂತಿದೆ. ಮುದ್ರೆ ಒತ್ತಲು ಶುರುಮಾಡಿ ಎಷ್ಟು ದಿನವಾಯಿತು?"

ಅವರು ಬೆರಳು ಮಡಿಸಿ ಎಣಿಸಿದರು. ಹದಿನೈದು.

"ಸೀಮೆಎಣ್ಣೆ ಎಂದದ್ದು ನನ್ನ ತಪ್ಪು," ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು.

"ನೀವು ಅಂದಿರಿ, ನಾನು ನಂಬಿದೆ. ಗಾಡಿ ತಿರುಗಿಸಿ ಮೇಸ್ತ್ರಿ."

ಹಾಸನ ದಾಟಿ ಸಾಲಗಾಮೆ ರಸ್ತೆಯಲ್ಲಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಕಾಳೇಗೌಡ ಸಿಕ್ಕಿದ. ಒಂದು ಹುಣಸೆಮರದ ಕೆಳಗೆ ಕೂತಿದ್ದ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ ಅಲ್ಲೇ ಕೂತಿದ್ದನೆಂದು ಮುಂದೆಂದೋ ಅವನೇ ಹೇಳಿದ. ಕಾರಿನ ಸದ್ದು ಕೇಳಿ ಎದ್ದುನಿಂತ. ನಾನು ಇಳಿದು, ನಡೆದದ್ದನ್ನೆಲ್ಲ ಹೇಳಿ ಕೈ ಮುಗಿದೆ. ಅವನ ಕಣ್ಣು ತುಂಬಿದವು, ದನಿ ಮಾತ್ರ ಗಡುಸಾಗಿತ್ತು.

"ನಿಲ್ಲೋಕೆ ಮುಂಚೆ ಉಸುರು ಕಟ್ಟಿದಂಗೆ ಆಡ್ತದೆ ಸಾ. ಅರ್ಧ ಗಂಟೆ ಬಿಟ್ರೆ ಇನ್ನೊಂದು ಫರ್ಲಾಂಗು ಓಯ್ತದೆ. ಮುದ್ರೆ ಒತ್ತಿದ ದಿನದಿಂದ್ಲೇ ಇಂಗೆ. ನೀವು ಕೇಳಿದ್ರೆ ಆಗ್ಲೇ ಯೋಳ್ತಿದ್ದೆ. ಯಾರೂ ಕೇಳ್ನಿಲ್ವಲ್ಲ."

ಮರುಳಪ್ಪನವರು ಬೀಗದಕೈಯನ್ನು ಅವನ ಕೈಗಿಟ್ಟರು. ತಗಡಿನ ಡಬ್ಬಿಯನ್ನೂ ಅದರ ಜೊತೆಗೇ ಕೊಟ್ಟು, "ಇದನ್ನ ಎಲ್ಲಾದ್ರೂ ಬಿಸಾಕು ಕಾಳ," ಎಂದರು. ಕ್ಷಮೆ ಎಂಬ ಪದ ಅವರ ಬಾಯಲ್ಲಿ ಬರುವಂಥದಲ್ಲ. ಆದರೆ ಅವತ್ತು ಕಾರಿನ ಬಾಗಿಲನ್ನು ತಾವೇ ತೆಗೆದು, ಹಿಂದಿನ ಸೀಟು ಬಿಟ್ಟು ಅವನ ಪಕ್ಕದಲ್ಲಿ ಕೂತರು.

ಕಾಳೇಗೌಡ ಡಬ್ಬಿಯನ್ನು ಬಿಸಾಡಲಿಲ್ಲ. ಅರಗು, ಮೇಣದಬತ್ತಿಯನ್ನೆಲ್ಲ ತೆಗೆದು ಅದಕ್ಕೆ ಎಲೆ ಅಡಿಕೆ ತುಂಬಿಕೊಂಡ.

ಅಂದಿನಿಂದ ನಿವೃತ್ತನಾಗುವವರೆಗೂ ಗಾಡಿ ಬಂದಾಗ ನಾನು ಮೊದಲು ಬಾನೆಟ್ ಎತ್ತಲಿಲ್ಲ. ಓಡಿಸಿದವನನ್ನು ಬೆಂಚಿನ ಮೇಲೆ ಕೂರಿಸಿ, "ಏನಾಯ್ತಪ್ಪ, ಹೇಳು," ಎನ್ನುತ್ತಿದ್ದೆ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತಿತ್ತು. ಉಳಿದರ್ಧ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನುವುದನ್ನೂ ಕಲಿತೆ.

ಮುಂದೆಯೂ ಎಷ್ಟೋ ವರ್ಷ ಆ ಕಾರನ್ನು ಕಾಳೇಗೌಡನೇ ಓಡಿಸಿದ. ಹಾಸನಕ್ಕೆ ಬಂದಾಗಲೆಲ್ಲ ನಮ್ಮ ವರ್ಕ್‌ಶಾಪಿನ ಮುಂದೆ ನಿಲ್ಲಿಸಿ, ಡಬ್ಬಿ ತೆಗೆದು ನನಗೊಂದು ಎಲೆ ಅಡಿಕೆ ಕೊಡುತ್ತಿದ್ದ. ಹೊರಡುವ ಮುಂಚೆ ನನಗೆ ಕಾಣುವ ಹಾಗೆ ಟ್ಯಾಂಕಿನ ಮುಚ್ಚಳ ತೆಗೆದು, ತೂತಿಗೊಮ್ಮೆ ಉಫ್ ಎಂದು ಊದಿ, "ಮೂಸಿ ನೋಡ್ತೀರಾ ಮೇಸ್ತ್ರಿ?" ಎಂದು ನಗುತ್ತಿದ್ದ.