ಮನೆ ಇದ್ದವಳಿಗೆ ಮನೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಅಂತಲೇ ಕರೆಯುತ್ತಿದ್ದರು. ಒಗೆದು ಬಂದ ಹಾಸಿಗೆ ಹೊದಿಕೆಗಳನ್ನು ಉದ್ದನೆಯ ಇಸ್ತ್ರಿ ಯಂತ್ರದ ಬಾಯಿಗೆ ಕೊಡುವುದು, ಆಚೆ ಕಡೆಯಿಂದ ಸುಡುಸುಡು ಬಂದದ್ದನ್ನು ಮಡಿಸಿಡುವುದು ಅವಳ ಕೆಲಸ. ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ಎದುರು ತುದಿ ಹಿಡಿಯುತ್ತಿದ್ದವಳಿಗೆ ರೇಡಿಯೊ ಎಂದು ಅಡ್ಡಹೆಸರು. ಬೆಳಿಗ್ಗೆ ಬಾಯಿ ತೆರೆದರೆ ಕೆಲಸ ಬಿಡುವ ತನಕ ಮುಚ್ಚದವಳು. ಇಸ್ತ್ರಿಯಕ್ಕನೋ ಅಳೆದು ತೂಗಿ ಮಾತಾಡುವವಳು. ಒಬ್ಬಳು ಆಡುವುದು, ಒಬ್ಬಳು ಕೇಳುವುದು. ಹೀಗೆ ಇಬ್ಬರ ಜೋಡಿ ವರ್ಷಗಟ್ಟಲೆ ಸರಾಗವಾಗಿ ನಡೆದಿತ್ತು.

ಒಂದು ಬೆಳಿಗ್ಗೆ ಇಸ್ತ್ರಿಯಕ್ಕ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿಕೊಂಡು ಬಂದಳು.

"ಏನಾಯ್ತೇ?" ಎಂದಳು ರೇಡಿಯೊ.

"ಬಾಗಿಲು ತಗುಲ್ತು."

"ನಿಮ್ಮನೆ ಬಾಗಿಲುಗಳಿಗೆ ನಿನ್ನ ಮೇಲೆ ಅದೇನು ಹಗೆತನ ಕಣೇ? ಹೋದ ತಿಂಗಳು ಕೈಗೆ ತಗುಲ್ತು, ಅದಕ್ಕೆ ಮುಂಚೆ ಬೆನ್ನಿಗೆ. ನಮ್ಮನೇಲೂ ಬಾಗಿಲಿದೆಯಪ್ಪ, ಅದರ ಪಾಡಿಗೆ ಅದು ನಿಂತಿರುತ್ತೆ."

ಇಸ್ತ್ರಿಯಕ್ಕ ಮುಂದಿನ ಹೊದಿಕೆ ಎಳೆದುಕೊಂಡಳು. ಹಿಂದಿನ ಸಂಜೆ ಗಂಡ ಎಸೆದ ಲೋಟ ಅವಳ ಹುಬ್ಬು ಸೀಳಿತ್ತು. ಚಹಾ ಆರಿದೆ ಎನ್ನುವುದು ಅವಳ ಅಪರಾಧ. ಮಾತಿಲ್ಲದೆ ರಕ್ತ ಒರೆಸಿಕೊಂಡು, ನೆಲವನ್ನೂ ಒರೆಸಿ, ಮತ್ತೆ ಚಹಾ ಮಾಡಿ ಕೊಟ್ಟಿದ್ದಳು. ಮದುವೆಯಾದಾಗಿನಿಂದ ಹೀಗೇ ನಡೆದುಬಂದಿತ್ತು, ಹೊಸದೇನೂ ಅಲ್ಲ. ಹೊಸದೇನು ಅಂದರೆ, ಆ ದಿನ ಸಾಯಂಕಾಲ ಮನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳು ಏಳಲಿಲ್ಲ. ಏಳಬೇಕು ಅಂತ ಮನಸ್ಸು ಹೇಳಿತು, ಕಾಲು ಕೇಳಲಿಲ್ಲ. ಬಸ್ಸು ಹೊರಟಿತು. ಮುಂದಿನ ನಿಲ್ದಾಣವೂ ಹೋಯಿತು. ಕೊನೆಗೆ ಕಂಡಕ್ಟರ್ ಬಂದು, "ಇಳೀರಮ್ಮ, ಇನ್ನು ಮುಂದಕ್ಕೆ ರಸ್ತೆ ಇದ್ರೂ ಬಸ್ಸಿಲ್ಲ" ಎಂದ. ಇಳಿದು, ಅಲ್ಲಿಗೆ ಹತ್ತಿರವೇ ಇದ್ದ ರೇಡಿಯೊ ಮನೆಯ ಬಾಗಿಲು ತಟ್ಟಿದಳು.

ಹೀಗೆ ಅವಳು ಗಂಡನನ್ನು ಬಿಟ್ಟಳು. ಯೋಚಿಸಿ ಬಿಟ್ಟಿದ್ದರೆ ಬಟ್ಟೆಬರೆಯನ್ನಾದರೂ ತರುತ್ತಿದ್ದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಊರಿಗೆ ಉಪಕಾರಿ, ಮನೆಗೆ ಮಾರಿ. ಬೀದಿಯಲ್ಲಿ ಯಾರ ಮನೆಯ ಮೋಟರು ಕೆಟ್ಟರೂ ಅವನೇ ಹಾಜರ್, ಅದೂ ಬಿಡಿಕಾಸು ತೆಗೆದುಕೊಳ್ಳದೆ. ಬೀದಿಯವರು ಅವನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಆ ದೇವರ ಕೈ ಎಷ್ಟು ಭಾರ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ರೇಡಿಯೊ ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಅವಳು, ಅವಳ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಇಸ್ತ್ರಿಯಕ್ಕನಿಗೆ ಅಡುಗೆಮನೆಯಲ್ಲಿ ಗೋಡೆ ಪಕ್ಕ ಒಂದು ಚಾಪೆ ಅಗಲದ ಜಾಗ ಸಿಕ್ಕಿತು. ಮನೆ ಮಾಲೀಕ ಎರಡನೇ ವಾರದಲ್ಲೇ, "ನೀರು ಜಾಸ್ತಿ ಖರ್ಚಾಗ್ತಾ ಇದೆ" ಎಂದು ಗೊಣಗಿ ಹೋದ. ಗಂಡನ ದೌರ್ಜನ್ಯದಿಂದ ಹೊರಬಂದವರಿಗೆ ಸರ್ಕಾರ ಕಡಿಮೆ ಬಾಡಿಗೆಯ ಮನೆ ಕೊಡುತ್ತದೆ, ತಿಂಗಳಿಗಿಷ್ಟು ನೆರವೂ ಇದೆ ಎಂದು ರೇಡಿಯೊ ಎಲ್ಲಿಂದಲೋ ಕೇಳಿಕೊಂಡು ಬಂದಳು. ರಜೆ ಹಾಕಿ ಇಬ್ಬರೂ ವಸತಿ ಕಚೇರಿಗೆ ಹೋದರು.

ಕೌಂಟರಿನ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದ, "ನಿಮಗೆ ಆಗ್ಲೇ ಮನೆ ಇದೆಯಲ್ಲಮ್ಮ? ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ನಾವೇ ಕೊಟ್ಟಿದೀವಿ. ಮನೆ ಇರೋರಿಗೆ ಮನೆ ಕೊಡಲ್ಲ."

"ಮನೆ ಇದೆ ಸರ್. ಅದರೊಳಗೆ ಅವರೂ ಇದಾರೆ."

"ಹಾಗಾದ್ರೆ ನಿಮ್ಮ ಹೆಸರು ತೆಗೆಸಿಕೊಂಡು ಬನ್ನಿ."

"ಹೇಗೆ ತೆಗೆಸೋದು?"

"ಯಜಮಾನರು ಬಂದು ಸಹಿ ಹಾಕ್ಬೇಕು."

ರೇಡಿಯೊಗೆ ರೇಗಿತು. "ಸ್ವಾಮಿ, ಹೊಡೆಯೋನ ಹತ್ರಾನೇ ಹೋಗಿ, ಹೊಡೀತೀನಿ ಅಂತ ಬರೆದುಕೊಡಪ್ಪ ಅಂತ ಕೇಳ್ಬೇಕಾ?"

"ನಿಯಮ ನಾನು ಮಾಡಿದ್ದಲ್ಲಮ್ಮ. ಅರ್ಜಿ ಕೊಟ್ಟು ಹೋಗಿ, ತನಿಖೆಗೆ ಕಳಿಸ್ತೀವಿ."

ತನಿಖೆಯೇನೋ ಆಯಿತು. ಆದರೆ ತನಿಖೆಯ ಸಾಹೇಬರು ಬಂದದ್ದು ಅವಳಿದ್ದ ಅಡುಗೆಮನೆಗಲ್ಲ. ಕಚೇರಿಯ ದಾಖಲೆಯಲ್ಲಿದ್ದ ವಿಳಾಸಕ್ಕೆ, ನೇರ ಗಂಡನ ಮನೆಗೆ ಹೋದರು. ಅವನು ಕುರ್ಚಿ ಹಾಕಿ ಕೂರಿಸಿದ, ಫ್ಯಾನು ತಿರುಗಿಸಿದ, ಮೇಜಿನ ಮೇಲಿದ್ದ ಮೊಮ್ಮಗಳ ಫೋಟೋ ತೋರಿಸಿದ. "ಅವಳಿಗೆ ಸ್ವಲ್ಪ ಮುಂಗೋಪ ಸರ್, ವಯಸ್ಸಿನ ದೋಷ. ತಾನಾಗೇ ಬರ್ತಾಳೆ" ಎಂದ. ಹೊರಡುವಾಗ ಸಾಹೇಬರ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲವಂತೆ. ಅವನೇ ಪ್ಲಗ್ ಬಿಚ್ಚಿ ಒರೆಸಿ ಹಾಕಿ ಕೊಟ್ಟನಂತೆ. ಇದನ್ನೆಲ್ಲ ಎದುರುಮನೆಯವರು ಇಸ್ತ್ರಿಯಕ್ಕನ ಸೊಸೆಗೆ ಹೇಳಿ, ಸೊಸೆ ಅತ್ತೆಗೆ ಹೇಳಿದಳು.

ಸಾಹೇಬರು ಮಾಡಿದ ಇನ್ನೊಂದು ಉಪಕಾರ ಎರಡು ದಿನ ಕಳೆದ ಮೇಲೆ ತಿಳಿಯಿತು. ಅರ್ಜಿಯಲ್ಲಿ ಅವಳು ಬರೆದಿದ್ದ ರೇಡಿಯೊ ಮನೆಯ ವಿಳಾಸವನ್ನು ಅವನಿಗೆ ಓದಿ ಹೇಳಿದ್ದರು. ಭಾನುವಾರ ಮಧ್ಯಾಹ್ನ ಗಂಡ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ, ನಗುಮುಖ. ಅಡುಗೆಮನೆಯಲ್ಲಿದ್ದ ಇಸ್ತ್ರಿಯಕ್ಕನಿಗೆ ಅವನ ಕೆಮ್ಮು ಕೇಳಿದ್ದೇ ತಡ, ಕೈಯಲ್ಲಿದ್ದ ಚಾಕು ಜಾರಿ ಬಿತ್ತು. ರೇಡಿಯೊ ಹೊಸ್ತಿಲಿಗೆ ಅಡ್ಡ ನಿಂತು ಮಾತು ಶುರು ಮಾಡಿದಳು. ತನ್ನ ಅತ್ತೆಯ ಮಂಡಿನೋವು, ಆಸ್ಪತ್ರೆಯ ಲಿಫ್ಟು, ತರಕಾರಿ ಬೆಲೆ, ಮಾಲೀಕನ ಜಿಪುಣತನ. ಅವನು ಬಾಯಿ ತೆರೆದಾಗಲೆಲ್ಲ ಇನ್ನೊಂದು ಸುದ್ದಿ. ಕೊನೆಗೆ ಅವನೇ ಸುಸ್ತಾಗಿ ಚೀಲ ಅಲ್ಲೇ ಇಟ್ಟು ಹೋದ. ರೇಡಿಯೊ ಅಷ್ಟು ಹೊತ್ತು ನಿಂತು ಮಾತಾಡಿದವಳು ಒಳಗೆ ಬಂದು ಕುಸಿದು ಕೂತಳು.

ಆ ವಾರವೇ ಕಚೇರಿಯಿಂದ ಉತ್ತರ ಬಂತು. ಕೌಟುಂಬಿಕ ಮನಸ್ತಾಪ, ವಾಸಕ್ಕೆ ಮನೆ ಇದೆ, ಅರ್ಜಿ ತಿರಸ್ಕರಿಸಲಾಗಿದೆ.

ಇಸ್ತ್ರಿಯಕ್ಕ ಕಾಗದ ಹಿಡಿದು ನೇರವಾಗಿ ತನಿಖೆಯ ಸಾಹೇಬರ ಮೇಜಿಗೇ ಹೋದಳು. ಅವರು ಬೈಯುವ ಮನುಷ್ಯರಲ್ಲ. ನಕ್ಕು ಹೇಳಿದರು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲಮ್ಮ. ಒಳ್ಳೇ ಮನುಷ್ಯರು ಅವರು. ಹೋಗಿ, ಚೆನ್ನಾಗಿರಿ."

"ಉಂಡು ಮಲಗಿದ ಮೇಲೆ ಏನಾಗುತ್ತೆ ಅಂತ ಆ ಗಾದೆ ಹೇಳಿದೋರು ನೋಡಿರಲಿಲ್ಲ ಸರ್" ಎಂದಳು. ತನ್ನ ಬಾಯಿಂದ ಇಷ್ಟು ಬಂತಲ್ಲ ಎಂದು ಅವಳಿಗೇ ಆಶ್ಚರ್ಯ. ಸಾಹೇಬರ ನಗು ಇಂಗಿತು. ಮೇಲ್ಮನವಿ ಕೊಡಬಹುದು, ಮಹಡಿಯ ಮೇಲೆ ದೊಡ್ಡ ಅಧಿಕಾರಿ ಇದ್ದಾರೆ ಎಂದಷ್ಟೇ ಹೇಳಿ ಬೇರೆ ಕಡತ ಎಳೆದುಕೊಂಡರು.

ದೊಡ್ಡ ಅಧಿಕಾರಿ ಒಬ್ಬ ಹೆಂಗಸು. ಹೆಂಗಸಾದ್ದರಿಂದ ಅರ್ಥವಾದೀತು ಎಂದು ರೇಡಿಯೊ ಆಸೆ ಹುಟ್ಟಿಸಿದ್ದಳು. ಮೇಡಂ ತಾಳ್ಮೆಯಿಂದ ಕೇಳಿದರು, ಬರೆದುಕೊಂಡರು, ಆಮೇಲೆ, "ನೀವು ಹೇಳೋದು ನನಗೆ ಅರ್ಥವಾಗುತ್ತೆ. ಆದ್ರೆ ಆಧಾರ ಬೇಕು. ಯಾವಾಗ್ಲಾದ್ರೂ ಡಾಕ್ಟರಿಗೆ ತೋರಿಸಿದ್ರಾ?" ಎಂದರು.

ತೋರಿಸಿದ್ದಳು. ಮಣಿಕಟ್ಟು ಮುರಿದಾಗ, ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ದಿನಗಟ್ಟಲೆ ಅಲೆದು ಆ ಹಳೆಯ ಚೀಟಿಯ ಪ್ರತಿ ತಂದಳು. ಮೇಡಂ ಓದಿ ಅವಳ ಕಡೆಗೆ ತಿರುಗಿಸಿದರು. 'ಬಚ್ಚಲಲ್ಲಿ ಜಾರಿ ಬಿದ್ದದ್ದು, ರೋಗಿಯ ಹೇಳಿಕೆ' ಎಂದಿತ್ತು.

"ನೀವೇ ಹೇಳಿದೀರಲ್ಲಮ್ಮ?"

"ಹೇಳಿದೆ. ಅವರು ನನ್ನ ಪಕ್ಕದಲ್ಲೇ ನಿಂತಿದ್ರು ಮೇಡಂ. ಡಾಕ್ಟರ್ ಕೇಳಿದಾಗ ನನ್ನ ಹೆಗಲ ಮೇಲೆ ಕೈ ಇಟ್ಟಿದ್ರು. ಇನ್ನೇನು ಹೇಳ್ಲಿ?"

ಮೇಡಂ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಇದನ್ನ ನಾನು ಹೇಗೆ ಬರೀಲಿ ಹೇಳಿ? ಕಣ್ಣಾರೆ ಕಂಡವರು ಯಾರಾದ್ರೂ ಇದ್ರೆ ಕರೆತನ್ನಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವಳು ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ. ಹಲ್ಲು ಕಚ್ಚಿ ಸಹಿಸಿದ್ದಷ್ಟೂ ಈಗ ಅವಳ ಮೇಲೆಯೇ ಬಂದು ಕೂತಿತ್ತು. ಕೂಗಲಿಲ್ಲ, ಆದ್ದರಿಂದ ಯಾರೂ ಕೇಳಲಿಲ್ಲ. ಸುಳ್ಳು ಹೇಳಿದಳು, ಅದು ದಾಖಲೆಯಾಯಿತು. ನಿಜ ಹೇಳುತ್ತಿದ್ದಾಳೆ, ಅದಕ್ಕೆ ದಾಖಲೆಯಿಲ್ಲ.

ಎದುರುಮನೆಯಾಕೆಯನ್ನು ಮಾರುಕಟ್ಟೆಯಲ್ಲಿ ಹಿಡಿದು ಕೇಳಿದಳು. ಇವರ ಮನೆಯ ಸದ್ದು ಕೇಳಿಸಿದಾಗಲೆಲ್ಲ ಆಕೆಯ ಮನೆಯ ಟಿವಿ ಜೋರಾಗುತ್ತಿತ್ತು, ಅದು ಇಸ್ತ್ರಿಯಕ್ಕನಿಗೆ ಗೊತ್ತು. ಆಕೆ ಸೊಪ್ಪಿನ ಕಟ್ಟನ್ನು ತಿರುವಿ ಮುರುವಿ ನೋಡುತ್ತ, "ನಾಳೆ ನಮ್ಮನೆ ಮೋಟರು ಕೆಟ್ರೆ ಅವರೇ ಬರ್ಬೇಕಮ್ಮ. ಬೀದೀಲಿ ನಾವಿರ್ಬೇಕಲ್ಲ?" ಎಂದಳು. ತಪ್ಪೂ ಅನ್ನುವಂತಿಲ್ಲ, ಒಪ್ಪೂ ಅನ್ನುವಂತಿಲ್ಲ.

ಉಳಿದವನು ಮಗ. ಕನ್ನಡಕದ ಅಂಗಡಿಯಲ್ಲಿ ಕೆಲಸ, ಹೆಂಡತಿ, ಪುಟ್ಟ ಮಗಳು, ಬೇರೆ ಮನೆ. ಅವನನ್ನು ಕೇಳಬಾರದು ಅಂತಿದ್ದಳು. ಆದರೆ ಮೇಡಮ್ಮೇ, "ನಿಮ್ಮ ಮಗನನ್ನ ಕರೆಸ್ತೀನಿ" ಎಂದರು. ಅವನಿಗೂ ಬರಬೇಕಿತ್ತು, ಅವನದೇ ಕಾರಣಕ್ಕೆ. ಕಚೇರಿಯ ಹೊರಗಿನ ಬೆಂಚಿನಲ್ಲಿ ಕಾಯುವಾಗ ತಾಯಿಯ ಹತ್ತಿರ ತೋಡಿಕೊಂಡ.

"ಅಮ್ಮಾ, ಸಾಕು ಮಾಡು. ಅಪ್ಪ ದಿನಾ ಸಾಯಂಕಾಲ ಊಟಕ್ಕೆ ನಮ್ಮನೆಗೇ ಬರ್ತಾರೆ. ಉಪ್ಪು ಕಮ್ಮಿ ಅಂತ ತಟ್ಟೆ ತಳ್ತಾರೆ. ಮೊನ್ನೆ ಮಗು ಅಡ್ಡ ಬಂತು ಅಂತ ಗದರಿದ್ರು, ಅದು ಉಚ್ಚೆ ಹೊಯ್ದುಕೊಳ್ತು. ಇವಳು ತವರಿಗೆ ಹೋಗ್ತೀನಿ ಅಂತ ಕೂತಿದಾಳೆ. ನಾವು ಎಷ್ಟು ದಿನ ಅಂತ ಸಹಿಸೋದು?"

ಇಸ್ತ್ರಿಯಕ್ಕ ಮಗನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ನಿಜಕ್ಕೂ ಕಷ್ಟವಾಗಿತ್ತು.

ಒಳಗೆ ಮೇಡಂ ಅವನನ್ನು ಕೂರಿಸಿ ಕೇಳಿದರು. ಅವನು ಅಂಗಡಿಗೆ ಬಂದ ಗಿರಾಕಿಗೆ ಹೇಳುವ ನಯದಲ್ಲಿ ಶುರು ಮಾಡಿದ. "ಅಂಥದ್ದೇನೂ ಇಲ್ಲ ಮೇಡಂ. ಅಮ್ಮ ಸ್ವಲ್ಪ ಮನಸ್ಸಿಗೆ ಹಚ್ಕೊಂಡಿದಾರೆ. ಎಲ್ಲರ ಮನೇಲೂ ಇರೋದೇ. ಅಪ್ಪ ದಿನಾ ಏನೂ ಹೊಡೀತಿರಲಿಲ್ಲ."

ಪೆನ್ನು ನಿಂತಿತು. "ದಿನಾ ಹೊಡೀತಿರಲಿಲ್ಲ. ಮತ್ತೆ?"

"ಅಂದ್ರೆ... ಯಾವಾಗ್ಲೋ ಕೋಪ ಬಂದಾಗ. ನಾನು ಚಿಕ್ಕವನಿದ್ದಾಗ ಜಾಸ್ತಿ. ಆಮೇಲಾಮೇಲೆ ಕಮ್ಮಿ ಆಗಿತ್ತು ಮೇಡಂ."

"ಅಮ್ಮನ ಕೈ ಮುರಿದದ್ದು ಹೇಗೆ?"

ಅವನು ತಾಯಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಗೋಡೆ ನೋಡುತ್ತ ಕೂತಿದ್ದಳು.

"ಅದು ಬೇಕೂ ಅಂತ ಮಾಡಿದ್ದಲ್ಲ. ತಿರುಚಿದ್ರು, ಅಷ್ಟೇ. ಮುರಿಯುತ್ತೆ ಅಂತ ಅವರಿಗೂ ಗೊತ್ತಿರಲಿಲ್ಲ. ನಾನೇ ಆಟೋ ಕರೆದುಕೊಂಡು ಬಂದೆ."

ಮೇಡಂ ಬರೆದರು, ಓದಿ ಹೇಳಿದರು, ಸಹಿ ಮಾಡಿ ಎಂದರು. ಆಗ ಅವನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಆಡಿದ ಮಾತನ್ನು ನುಂಗುವುದಕ್ಕಾಗುವುದಿಲ್ಲ, ಸುಳ್ಳು ಅನ್ನುವುದಕ್ಕೆ ಅದು ಸುಳ್ಳೂ ಅಲ್ಲ. ಸಹಿ ಮಾಡಿದ. ಹೊರಗೆ ಬಂದು, "ನೀನು ಹೇಳಿಸಿದೆ ನನ್ನ ಬಾಯಲ್ಲಿ" ಎಂದು ತಾಯಿಗೇ ಸಿಡುಕಿದ.

"ನಾನು ಒಂದು ಮಾತೂ ಆಡಲಿಲ್ಲವಲ್ಲೋ."

"ಅದೇ ಮತ್ತೆ" ಎಂದವನು ಮೆಟ್ಟಿಲಿಳಿದು ಹೋಗಿಬಿಟ್ಟ.

ಮೇಲ್ಮನವಿ ಒಪ್ಪಿತವಾಯಿತು. ರೇಡಿಯೊ ಕುಣಿದಳು. ಇಸ್ತ್ರಿಯಕ್ಕನಿಗೆ ಕುಣಿಯುವ ಮನಸ್ಸು ಬರಲಿಲ್ಲ. ಇಷ್ಟು ತಿಂಗಳು ತಾನು ಗಂಟಲು ಹರಿದುಕೊಂಡು ಹೇಳಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅದನ್ನೇ ಮಗ ಸಣ್ಣದು ಮಾಡಿ ಹೇಳಿದ್ದಕ್ಕೆ ಬೆಲೆ ಬಂತು. ಅವಳ ಮೈಮೇಲೆ ಬಿದ್ದ ಪೆಟ್ಟನ್ನು ಅವಳು ಹೇಳಿದರೆ ನಂಬಲಿಕ್ಕಾಗದು, ಬಾಗಿಲ ಸಂದಿಯಿಂದ ನೋಡಿದವನು ಹೇಳಬೇಕು. ಇದನ್ನು ಹೊದಿಕೆ ಮಡಿಸುತ್ತ ಮಡಿಸುತ್ತ ಅವಳು ರೇಡಿಯೊಗೆ ಹೇಳಿದಳು. ರೇಡಿಯೊ ತುದಿಗೆ ತುದಿ ಸೇರಿಸಿ ಮಡಿಕೆ ಅವಳ ಕೈಗೆ ಕೊಟ್ಟಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಬೀಗದ ಕೈ ಸಿಗಲು ಇನ್ನೆರಡು ತಿಂಗಳು ಹಿಡಿಯಿತು. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ತಿಂಗಳ ನೆರವು ಒಮ್ಮೆ ಬಂದರೆ ಮತ್ತೊಮ್ಮೆ ಬರುವುದಿಲ್ಲ. ವರ್ಷಕ್ಕೊಮ್ಮೆ, ಗಂಡನ ಜೊತೆ ಮತ್ತೆ ಹೋಗಿ ಸೇರಿಲ್ಲ ಎಂದು ಯಾರಾದರೊಬ್ಬರು ಬಂದು ಹೇಳಬೇಕಂತೆ. "ಹೋಗಿಲ್ಲ ಅನ್ನೋಕೂ ಸಾಕ್ಷಿನಾ?" ಎಂದು ಅವಳು ಕೇಳಿದ್ದಕ್ಕೆ ಗುಮಾಸ್ತ, "ಬೇಕಮ್ಮ, ಬೇಕು" ಎಂದ.

ಮಗ ಇನ್ನೂ ಬಂದಿಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಎರಡು ಸಲ ಬಂದು ಹೋದಳು. ಮಾವನಿಗೆ ಈಗ ಮನೆಯಲ್ಲಿ ಊಟ ಬಂದ್ ಮಾಡಿದ್ದಾಳಂತೆ. ಅದನ್ನು ಹೇಳುವಾಗ ಅವಳ ದನಿ ಗಟ್ಟಿಯಿತ್ತು. "ನೀವು ಹೇಗೆ ಅಷ್ಟು ವರ್ಷ ಇದ್ರಿ ಅತ್ತೆ?" ಎಂದು ಕೇಳಿದಳು. ಇಸ್ತ್ರಿಯಕ್ಕ ಮಗುವಿಗೆ ಬಿಸ್ಕತ್ತು ಕೊಟ್ಟಳು.

ಅಡುಗೆಕಟ್ಟೆಯ ನಲ್ಲಿ ಮೊದಲ ದಿನದಿಂದ ಸೋರುತ್ತಿದೆ. ದೂರು ಕೊಡಲು ಹೋದಾಗ ಕೌಂಟರಿನಲ್ಲಿ ಹೊಸಬನಿದ್ದ.

"ಮನೆ ಯಜಮಾನರನ್ನ ಕಳಿಸಿ" ಎಂದ.

"ಬಂದಿದೀನಿ" ಎಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬರೆದುಕೊಂಡ, ಈ ವಾರ ಆಳು ಬರುತ್ತಾನೆ ಎಂದ. ಬರಲಿಲ್ಲ. ಅವಳು ನಲ್ಲಿಯ ಕೆಳಗೆ ಬಕೆಟ್ ಇಟ್ಟು, ತುಂಬಿದ ನೀರಲ್ಲಿ ನೆಲ ಒರೆಸಿ, ಕೆಲಸ ಬಿಟ್ಟ ಮೇಲೆ ಮತ್ತೆ ಆ ಕೌಂಟರಿನ ಮುಂದೆ ಹೋಗಿ ನಿಲ್ಲುತ್ತಾಳೆ. ಈಗೀಗ ಅವಳ ದನಿ ಸಾಲಿನ ಕೊನೆಯವರೆಗೂ ಕೇಳುತ್ತದೆ.