ಎರಡೂ ಕಡೆಯ ಜೀನ್ಸ್

ಟೈಲರ್ ತಾತ ಚೀಲದಿಂದ ಎರಡು ಜೀನ್ಸ್ ಪ್ಯಾಂಟು ತೆಗೆದು ಮಕ್ಕಳ ಡಾಕ್ಟರಮ್ಮನ ಮೇಜಿನ ಮೇಲೆ ಹರಡಿದರು. ಒಂದು ಮಗಳದ್ದು, ಒಂದು ಅಳಿಯನದ್ದು. ಎರಡನ್ನೂ ಒಗೆಸಿ, ಗೆರೆ ನಿಲ್ಲುವಂತೆ ಇಸ್ತ್ರಿ ಹಾಕಿ ತಂದಿದ್ದರು.

"ಇದೇನು ತಾತ?"

"ನೀವೇ ಹೇಳಿದ್ರಲ್ಲಮ್ಮ, ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಜೀನ್ಸ್ ನೋಡ್ಬೇಕು ಅಂತ."

ತೂಕದ ಯಂತ್ರದ ಪಕ್ಕ ನಿಂತಿದ್ದ ನರ್ಸು ನಗೆಯ ತೂಕ ತಾಳದೆ ಗೋಡೆಗೆ ತಿರುಗಿದಳು.

"ನಾನಂದಿದ್ದು ವಂಶದಿಂದ ಬರೋ ಗುಣ ತಾತ. ಮನೇಲಿ ಯಾರಾದ್ರೂ ತಡವಾಗಿ ಮಾತು ಕಲಿತಿದ್ರಾ?"

"ಅಳಿಯಂದ್ರು ಬಾಯಿ ಬಿಟ್ಟಿದ್ದೇ ಮೂರು ವರ್ಷಕ್ಕಂತೆ. ಈಗ್ಲೂ ನನ್ನ ಮಗಳು ಬಿಡಿಸಿದ್ರೇನೇ ಬಿಡೋದು."

ಮೊಮ್ಮಗಳಿಗೆ ಎರಡು ತುಂಬಿತ್ತು, ಒಂದು ಮಾತಿಲ್ಲ. ಕಿವಿ ನೆಟ್ಟಗಿದೆ ಎಂದು ಪರೀಕ್ಷೆಯಲ್ಲಿ ಬಂದಿತ್ತು. ಅವಳನ್ನು ಕರೆಯುತ್ತಿದ್ದುದು ಗುಂಡಿ ಅಂತ. ಅಂಗಿಗೆ ಹಾಕುವ ಗುಂಡಿ, ರಸ್ತೆಯಲ್ಲಿ ನಾವು ಬೀಳುವುದಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಗುಂಡಿಯ ಹಗಲೆಲ್ಲ ತಾತನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ.

"ಅಲ್ಲಿ ಮಗೂನ ಯಾರು ಮಾತಾಡಿಸ್ತಾರೆ?"

"ನಾನೇ ಅಮ್ಮ. ಆದ್ರೆ ಬಾಯಲ್ಲಿ ಸೂಜಿ ಇರುತ್ತೆ, ನಲವತ್ತು ವರ್ಷದ ಅಭ್ಯಾಸ," ಎಂದರು ತಾತ. ಅಂಗಡಿಯಲ್ಲಿದ್ದಷ್ಟು ಹೊತ್ತೂ ಅವರ ಬಾಯಲ್ಲಿ ಇರುತ್ತಿದ್ದುದು ಆರೇಳು ಗುಂಡುಸೂಜಿ. ಮುಂದಿನ ಹಲ್ಲು ಸೂಜಿ ಕೂರುವಷ್ಟು ಸವೆದಿತ್ತು. ಗಿರಾಕಿಗಳಿಗೆ ಸಿಗುತ್ತಿದ್ದುದು ಒಂದು 'ಹೂಂ', ಒಂದು 'ಉಹೂಂ'. ಗುಂಡಿಗೆ ಬರುತ್ತಿದ್ದುದೂ ಅವೆರಡೇ.

"ನಿಮ್ಮ ಭಾಷೇಲೇ ಹೇಳ್ತೀನಿ ತಾತ. ಮಿದುಳು ರೆಡಿಮೇಡ್ ಅಲ್ಲ. ಬಟ್ಟೆ ವಂಶದ್ದು, ಹೊಲಿಗೆ ಸಾಕೋರದ್ದು. ಮಗು ಹೂಂ ಅಂದಾಗ ನೀವೊಂದು ಮಾತು ತಿರುಗಿ ಆಡಿದ್ರೆ ಒಳಗೆ ಒಂದು ಹೊಲಿಗೆ ಬೀಳುತ್ತೆ. ಬಟ್ಟೆ ನೋಡ್ಕೊಂಡು ಅದು ಬೇಗ ಕೂರಬಹುದು, ನಿಧಾನ ಆಗಬಹುದು."

"ಅಂದ್ರೆ ಬಟ್ಟೆ ಅಳಿಯನದ್ದು, ತಪ್ಪು ಟೈಲರ್‌ದು," ಎಂದರು ತಾತ. "ಗಿರಾಕಿಗಳೂ ಹೀಗೇ ಹೇಳೋದಮ್ಮ."

"ತಪ್ಪು ಯಾರದ್ದೂ ಅಲ್ಲ. ಬಾಯಿಂದ ಸೂಜಿ ತೆಗೀರಿ, ಅಷ್ಟೇ."

ಮೊದಲ ಹದಿನೈದು ದಿನ ಡಾಕ್ಟರಮ್ಮನ ಮಾತು ತಾತನ ತಲೆಯಲ್ಲಿತ್ತು, ಸೂಜಿ ಬಾಯಲ್ಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಸೂಜಿಗಳು ಡಬ್ಬಿ ಸೇರಿದವು. ಆದರೆ ಮಾತಾಡುವುದೇನನ್ನು? ತಾತನಿಗೆ ಗೊತ್ತಿದ್ದದ್ದು ಅಳತೆ. "ನೋಡೇ ಗುಂಡಿ, ಈ ಸಾಹೇಬ್ರ ಸೊಂಟ ಹೋದ ವರ್ಷ ಮೂವತ್ತೆರಡು. ಈಗ ಉಸಿರು ಬಿಗಿ ಹಿಡಿದ್ರೂ ಮೂವತ್ತೆಂಟು!" ಸಾಹೇಬರಿಗೆ ಉಸಿರು ಬಿಡಲೂ ನಾಚಿಕೆ. ಮೇಜಿನ ಕೆಳಗಿಂದ ಕಿಲಕಿಲ ನಗು.

ಆರು ತಿಂಗಳಾದ ಮೇಲೆ ಗುಂಡಿ ಅದೇ ಆಸ್ಪತ್ರೆಗೆ ಬಂದು ಡಾಕ್ಟರಮ್ಮನನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟಳು: "ಬಿಗಿ! ಎರಡಿಂಚು ಬಿಡ್ಬೇಕು."

ಡಾಕ್ಟರಮ್ಮ ಬಿಳಿ ಕೋಟನ್ನು ಮುಂದಕ್ಕೆ ಎಳೆದುಕೊಂಡರು, ಆದರೂ ಮುಖ ಅರಳಿತ್ತು. "ಎಷ್ಟು ಜನಕ್ಕೆ ಹೇಳ್ತೀನಿ, ಯಾರೂ ಕೇಳಲ್ಲ. ನಲವತ್ತು ವರ್ಷದ ಅಭ್ಯಾಸ ಬಿಟ್ರಲ್ಲ ತಾತ! ನನ್ನ ಯಾವ ಮಾತು ನಿಮಗೆ ಅಷ್ಟು ನಾಟ್ತು?"

ತಾತ ಬಾಯಿಗೆ ಕೈ ಅಡ್ಡ ಹಿಡಿದರು.

"ಮಾತಲ್ಲಮ್ಮ. ಹಲ್ಲಿನ ಸೆಟ್ ಹಾಕಿಸ್ಕೊಂಡೆ. ಇದರಲ್ಲಿ ಸೂಜಿ ನಿಲ್ಲಲ್ಲ."