ಎಮ್ಮೆಯ ವಿಡಿಯೋ ಇದ್ದ ಹಾರ್ಡ್ ಡಿಸ್ಕ್

‘ಒತ್ತಬ್ಯಾಡ! ಮೌಸ್ ಮ್ಯಾಲಿಂದ ಕೈ ತಗೀ ಮೊದ್ಲ!’

ನಾನು ಕೂಗಿದ ರಭಸಕ್ಕೆ ರೇಣುಕಾ ಬೆಚ್ಚಿ ಎರಡೂ ಕೈ ಮೇಲೆತ್ತಿಬಿಟ್ಟಳು. (ಎದುರಿಗೆ ಪೊಲೀಸರು ನಿಂತಂತೆ.) ಅಡುಗೆಮನೆಯಿಂದ ನನ್ನ ಗಂಡ ಸೌಟು ಹಿಡಿದುಕೊಂಡೇ ಓಡಿಬಂದರು. ಏನಾಯಿತು? ಏನೂ ಆಗಿರಲಿಲ್ಲ. ಆಗುವುದರಲ್ಲಿತ್ತು.

ನನ್ನ ಮ್ಯಾಕ್ ಕಂಪ್ಯೂಟರಿನ ಪರದೆಯ ಮೇಲೊಂದು ಪುಟ್ಟ ಚೌಕ ಬಂದು ಕೂತಿತ್ತು. ನೀವು ಸಿಕ್ಕಿಸಿದ ಡಿಸ್ಕ್ ಅನ್ನು ಈ ಕಂಪ್ಯೂಟರ್ ಓದಲಾರದು ಅಂತ ಒಂದು ಸಾಲು. ಅದರ ಕೆಳಗೆ ಇಜೆಕ್ಟ್, ಇಗ್ನೋರ್, ಇನಿಷಿಯಲೈಸ್ ಎಂಬ ಮೂರು ಬಟನ್. ರೇಣುಕಾ ಹಿಡಿದ ಮೌಸಿನ ಬಾಣ ಕೊನೆಯದರ ಮೇಲೆ ನಿಂತಿತ್ತು.

‘ಇನಿಷಿಯಲೈಸ್ ಅಂದ್ರ ಚಾಲೂ ಮಾಡೂದು ಅಲ್ಲೇನಕ್ಕಾ?’

‘ಅಲ್ಲವ್ವಾ. ಪೂರಾ ಅಳಿಸಿ ಹೊಸಾದು ಮಾಡೂದು.’

ಅವಳ ಮುಖದ ಬಣ್ಣ ಇಳಿಯಿತು.

ರೇಣುಕಾ ತಳಕಲ್ಲಿನವಳು. ಯಲಬುರ್ಗಾ ಕಡೆಯ ಒಂದು ಶಾಲೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡುತ್ತಾಳೆ. ಶಾಲೆಗೆ ಸೇರುವ ದಿನ ಪ್ರತಿ ಮಗುವನ್ನೂ ಕ್ಯಾಮೆರಾ ಮುಂದೆ ಕೂರಿಸಿ, ‘ಏನಾದ್ರೂ ಹೇಳು’ ಎಂದು ಸನ್ನೆ ಮಾಡುತ್ತಾಳೆ. ಮಗು ಮನೆಯಿಂದ ತಂದ ಸನ್ನೆಗಳಲ್ಲಿ ಏನೋ ಹೇಳುತ್ತದೆ. ಆಮೇಲೆ ಅದು ಸನ್ನೆ ಭಾಷೆ ಕಲಿಯುತ್ತಾ ಹೋದಂತೆ ಮತ್ತೆ ಮತ್ತೆ ವಿಡಿಯೋ. ಅವಳು ಆ ಶಾಲೆಗೆ ಬಂದಾಗಿನಿಂದ ತೆಗೆದದ್ದೆಲ್ಲ ಇದ್ದದ್ದು ಈ ಒಂದೇ ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ. ಒಂದೇ ಒಂದರಲ್ಲಿ! ಇನ್ನೊಂದು ಕಾಪಿ? ‘ಮಾಡ್ಬೇಕಂತ ಇದ್ದೆ ಅಕ್ಕಾ.’ (ನಾವೆಲ್ಲರೂ ಇದ್ದೇವೆ, ಅಲ್ಲವೇ?)

ಶನಿವಾರ ಪಾಲಕರ ಸಭೆಯಿತ್ತು. ಅದಕ್ಕಾಗಿ ಒಂದಿಷ್ಟು ವಿಡಿಯೋ ಕತ್ತರಿಸಿ ಜೋಡಿಸಿಕೊಡು ಎಂದು ಕೇಳಲು ಕೊಪ್ಪಳದ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಗಂಗಾ ಎಂಬ ಹುಡುಗಿಯದು. ಗಂಗಾಳ ಅಪ್ಪ ದುರಗಪ್ಪ, ಹನುಮಸಾಗರದ ಕಡೆಯವನು, ಮಗಳನ್ನು ಶಾಲೆ ಬಿಡಿಸುತ್ತೇನೆಂದು ಹೇಳಿ ಕಳಿಸಿದ್ದ. ‘ಕೈ ಆಡ್ಸೂದು ಕಲ್ತು ಏನ್ ಮಾಡ್ತಾಳ್ರಿ? ಮನ್ಯಾಗ ಇದ್ರ ಕೆಲಸಕ್ಕಾದ್ರೂ ಆಗ್ತಾಳ’ ಎಂಬುದು ಅವನ ವಾದ. ಸೇರುವಾಗ ಮಗಳು ಹೇಗಿದ್ದಳು, ಈಗ ಹೇಗಿದ್ದಾಳೆ ಎಂದು ತೋರಿಸಿದರೆ ಅವನ ಮನಸ್ಸು ತಿರುಗೀತು ಎಂಬುದು ರೇಣುಕಾಳ ಆಸೆ.

‘ಈ ಡ್ರೈವ್ ನಿನ್ನೆ ತನಕ ಛಲೋ ಇತ್ತೇನು?’ ಎಂದೆ.

‘ಮೊನ್ನೆ ಸಾಲ್ಯಾಗ ಸೇವ್ ಆಗಾಕತ್ತಿತ್ತು, ಅಷ್ಟರಾಗ ಕರೆಂಟ್ ಹೋತು. ನಾ ಹಂಗ ಕಿತ್ತು ಬ್ಯಾಗಿನ್ಯಾಗ ಹಾಕ್ಕೊಂಡೆ.’

ಸರಿ. ರೋಗ ಗೊತ್ತಾಯಿತು.

ಓದುಗರೇ, ನಾನು ವಿಂಡೋಸ್ ಬಿಟ್ಟು ಮ್ಯಾಕ್ ಹಿಡಿದು ಕೆಲವು ವರ್ಷಗಳಾದವು. ನಮ್ಮ ಸುತ್ತಲಿನ ಪ್ರಪಂಚ ಮಾತ್ರ ವಿಂಡೋಸ್‌ನಲ್ಲೇ ಇದೆ. ಬರುವ ಡ್ರೈವ್‌ಗಳೆಲ್ಲ ಅಲ್ಲೇ ಫಾರ್ಮ್ಯಾಟ್ ಆದಂಥವು. ಅಂಥ ಡ್ರೈವ್ ಆರೋಗ್ಯವಾಗಿದ್ದರೆ ಮ್ಯಾಕ್ ಓದುತ್ತದೆ. ಬರೆಯುವುದಿಲ್ಲ. ಅದಕ್ಕೆಂದೇ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಆದರೆ ಡ್ರೈವ್ ಜ್ವರ ಬಂದು ಮಲಗಿದ್ದರೆ? ಆಗ ಮ್ಯಾಕ್ ಅದರ ನಾಡಿ ಹಿಡಿಯಲು ಹೋಗಬಾರದು. ವಿಂಡೋಸ್‌ನ ಡ್ರೈವ್‌ಗೆ ವಿಂಡೋಸೇ ವೈದ್ಯ. ಈ ಒಂದು ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಇಜೆಕ್ಟ್ ಒತ್ತಿದೆ. ಡ್ರೈವ್ ಕೈಗೆತ್ತಿಕೊಂಡು, ‘ನಡೀ’ ಎಂದೆ.

‘ಎಲ್ಲಿಗಕ್ಕಾ?’

‘ರಫೀಕ್ ಭಾಯ್ ಅಂಗಡಿಗೆ.’

ಗಂಗಾವತಿ ರಸ್ತೆಯಲ್ಲಿ ರಫೀಕ್ ಭಾಯ್ ಅವರದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಒಳ್ಳೆಯ ವಿಂಡೋಸ್ ಕಂಪ್ಯೂಟರ್ ಇದೆ. ಇನ್‌ವರ್ಟರೂ ಇದೆ. (ನನಗೆ ಬೇಕಾದದ್ದು ಮುಖ್ಯವಾಗಿ ಅದೇ.) ನಾವು ಹೋದಾಗ ಪರದೆಯ ತುಂಬ ಯಾರೋ ಮುಖಂಡರು ಕೈಮುಗಿದು ನಿಂತಿದ್ದರು. ಅವರ ಸುತ್ತ ಪಾಸ್‌ಪೋರ್ಟ್ ಸೈಜಿನ ಅಭಿಮಾನಿಗಳು.

ವಿಷಯ ಹೇಳಿದೆ. ಭಾಯ್ ತಕ್ಷಣ ಮುಖಂಡರನ್ನು ಮಿನಿಮೈಜ್ ಮಾಡಿದರು.

‘ಕೂಡ್ರಿ ಮೇಡಂ, ನೀವ ಮಾಡ್ಕೋರಿ.’

‘ನಿಮ್ಮ ಅರ್ಜೆಂಟ್ ಕೆಲಸ ಐತಲ್ಲ ಭಾಯ್?’

‘ಇವ್ರ ಹುಟ್ಟಿದ ಹಬ್ಬ ಮುಂದಿನ ವರ್ಷನೂ ಬರ್ತೈತ್ರಿ. ಆ ಮಕ್ಕಳ ವಿಡಿಯೋ ಬರ್ತಾವೇನು?’

ಡ್ರೈವ್ ಸಿಕ್ಕಿಸಿದೆ. ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ, ಇದರಲ್ಲಿ ತೊಂದರೆಯಿದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ ಎಂದು ವಿಂಡೋಸ್ ಕೇಳಿತು. ರೇಣುಕಾ, ‘ಹೂಂ ಅನ್ನು ಅಕ್ಕಾ, ಹೂಂ ಅನ್ನು’ ಎಂದು ನನ್ನ ಭುಜ ಹಿಡಿದಳು. ನಾನು ಅನ್ನಲಿಲ್ಲ. ರಿಪೇರಿಗೆ ಮುಂಚೆ ತೆರೆಯುವಷ್ಟನ್ನು ಹೊರಗೆ ತೆಗೆದಿಟ್ಟುಕೊಳ್ಳಬೇಕು. ಮನೆಗೆ ಬೆಂಕಿ ಬಿದ್ದರೆ ಮೊದಲು ಮಕ್ಕಳನ್ನು ಎತ್ತಿಕೊಂಡು ಬರುತ್ತೇವೋ, ಗೋಡೆಗೆ ಸುಣ್ಣ ಬಳಿಯುತ್ತೇವೋ?

ಒಂದೊಂದೇ ಫೋಲ್ಡರ್ ನನ್ನ ಖಾಲಿ ಡ್ರೈವ್‌ಗೆ ಕಾಪಿ ಮಾಡಿದೆ. ಭಾಯ್ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿದರು. ರೇಣುಕಾ ಮುಟ್ಟಲಿಲ್ಲ. ಪರದೆಯ ಮೇಲೆ ತೆವಳುತ್ತಿದ್ದ ಹಸಿರು ಪಟ್ಟಿಯನ್ನೇ ನೋಡುತ್ತಾ ಕೂತಳು. ಕೊನೆಗೆ ಒಂದು ಫೋಲ್ಡರ್ ಮಾತ್ರ ತೆರೆಯಲೇ ಇಲ್ಲ. ಯಾವುದು? ಮಕ್ಕಳ ಮೊದಲ ದಿನದ ವಿಡಿಯೋಗಳದ್ದು. ಬೇಕಾಗಿದ್ದದ್ದು ಅದೇ.

ಆಗ ಸ್ಕ್ಯಾನ್‌ಗೆ ಹೂಂ ಅಂದೆ. ಬೇರೆ ದಾರಿ ಇರಲಿಲ್ಲ.

ಸ್ಕ್ಯಾನ್ ಮುಗಿಯಿತು. ವಿಡಿಯೋಗಳು ಬಂದವು! ರೇಣುಕಾ ಅಳುತ್ತಲೇ ತಣ್ಣಗಾದ ಮಿರ್ಚಿ ಬಾಯಿಗೆ ಹಾಕಿಕೊಂಡಳು. ಆದರೆ ಒಂದು ತೊಡಕು. ಆ ಫೋಲ್ಡರಿನ ಫೈಲುಗಳ ಹೆಸರೆಲ್ಲ ಹಾರಿಹೋಗಿ ಬರೀ ನಂಬರು ಉಳಿದಿದ್ದವು. ಯಾವುದು ಯಾರದು? ತೆರೆದು ನೋಡಿದರೆ ಎಲ್ಲದರಲ್ಲೂ ಪುಟ್ಟ ಪುಟ್ಟ ಮುಖಗಳು, ಈಗ ಬೆಳೆದು ಗುರುತೇ ಸಿಗದಂಥವು.

‘ಸಾಲಿಗೆ ಒಯ್ಯೂಣು ಅಕ್ಕಾ. ಹುಡುಗ್ರ ಹೇಳ್ತಾರ’ ಎಂದಳು ರೇಣುಕಾ.

ಮರುದಿನ ನಾನೂ ಹೋದೆ. ಪ್ರೊಜೆಕ್ಟರ್ ಹಾಕಿ ಒಂದೊಂದೇ ವಿಡಿಯೋ ಬಿಟ್ಟೆವು. ಶಬ್ದವಿಲ್ಲದ ಅಷ್ಟು ದೊಡ್ಡ ಗಲಾಟೆಯನ್ನು ನಾನು ಕಂಡೇ ಇರಲಿಲ್ಲ. ಇಡೀ ಕೋಣೆಯ ಕೈಗಳು ಒಟ್ಟಿಗೆ ಎದ್ದವು. ಅದು ನಾನು, ಅದು ಅವನು, ನೋಡು ಅವನ ಮೂಗು! ನಾನು ಹೆಸರು ಟೈಪ್ ಮಾಡುತ್ತಾ ಹೋದೆ.

ಗಂಗಾಳ ವಿಡಿಯೋ ಬಂತು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ದೊಡ್ಡ ಕಣ್ಣು. ಪರದೆಯ ಮೇಲಿನ ಪುಟ್ಟ ಗಂಗಾ ಮೀಸೆ ತೀಡಿದಳು. ತಲೆಯ ಮೇಲೆ ಕೊಂಬು ಮಾಡಿದಳು. ಬಾಯಿಯ ಹತ್ತಿರ ಬೆರಳುಗಳನ್ನು ತೆರೆದು ಮುಚ್ಚಿದಳು. ಆಮೇಲೆ ತನ್ನ ಎದೆ ಮುಟ್ಟಿ, ಬಾಯಿಯ ಮೇಲೆ ಮುಷ್ಟಿ ಇಟ್ಟಳು.

‘ಇದಕ್ಕ ನಾ ಎಮ್ಮೆ ಅಂತ ಹೆಸರು ಕೊಟ್ಟಿದ್ದೆ’ ಎಂದು ರೇಣುಕಾ ನಕ್ಕಳು. ‘ಅವ್ರಪ್ಪನ ಎಮ್ಮಿ ಒದರ್ತೈತಿ ಅನ್ನಾಕತ್ತಾಳ ಅನ್ಕೊಂಡಿದ್ದೆ.’

ಗಂಗಾ ಎದ್ದು ಮುಂದೆ ಬಂದಳು. ಈಗ ಎತ್ತರದ ಹುಡುಗಿ. ತಲೆ ಅಡ್ಡಡ್ಡ ಆಡಿಸಿ, ಕಲಿತ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು. ರೇಣುಕಾಳ ನಗು ನಿಂತಿತು.

‘ಏನಂತಾಳ?’ ಎಂದೆ.

‘ನಮ್ಮಪ್ಪ ಎಮ್ಮಿ ಜೋಡಿ ಮಾತಾಡ್ತಾನ. ನನ್ನ ಜೋಡಿ ಮಾತಾಡಂಗಿಲ್ಲ. ಅವತ್ತು ಅದನ್ನ ಹೇಳಿದ್ನಿ ಅಂತಾಳ ಅಕ್ಕಾ.’

ವಿಡಿಯೋ ಇತ್ತು. ಹೆಸರೂ ಇತ್ತು. ಅಷ್ಟು ವರ್ಷ ತೆರೆಯುತ್ತಲೂ ಇತ್ತು. ಓದಿದವರು ಯಾರು?

ಅಪ್ಪನಿಗೆ ತೋರಿಸಲೇ ಎಂದು ರೇಣುಕಾ ಸನ್ನೆಯಲ್ಲಿ ಕೇಳಿದಳು. ಗಂಗಾ ಪರದೆಯ ಮೇಲಿನ ಪುಟ್ಟ ಗಂಗಾಳತ್ತ ತಿರುಗಿ ನೋಡಿದಳು. ಆಮೇಲೆ ತೋರಿಸು ಎಂದಳು.

ಶನಿವಾರ ದುರಗಪ್ಪ ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ ಕೂತಿದ್ದ. ವಿಡಿಯೋ ಓಡಿತು. ರೇಣುಕಾ ಒಂದೊಂದೇ ಸನ್ನೆಗೆ ದನಿ ಕೊಟ್ಟಳು.

‘ಆಕಿಗೆ ಕೇಳ್ಸಂಗಿಲ್ಲಲ್ರೀ ಅಕ್ಕೋರ, ಅದಕ್ಕ...’ ಎಂದ ದುರಗಪ್ಪ.

ಮುಂದೆ ಕೂತಿದ್ದ ಒಬ್ಬ ಹೆಣ್ಣುಮಗಳು ತಿರುಗಿ, ‘ಎಮ್ಮಿಗೇನು ಕನ್ನಡ ಬರ್ತೈತೇನೋ ಯಣ್ಣಾ?’ ಎಂದಳು. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

ಆಮೇಲೆ ಎದ್ದು ರೇಣುಕಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ. ‘ಉಂಡೇನವ್ವ ಅನ್ನಾಕ ಹೆಂಗ್ರಿ?’

‘ನನ್ನ ಕೇಳಬ್ಯಾಡ್ರಿ. ಆಕಿನ್ನ ಕೇಳ್ರಿ.’

ಗಂಗಾ ಅವನ ಕೈ ಹಿಡಿದು ಬೆರಳು ಮಡಚಿದಳು. ಹೊಲದ ಕೆಲಸಕ್ಕೆ ಬಿರುಸಾದ ಬೆರಳು, ಬೇಗ ಮಡಚಿಕೊಳ್ಳಲಿಲ್ಲ. ಅವನು ಮಾಡಿದ ಸನ್ನೆ ಬೇರೇನೋ ಆಗಿ, ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮತ್ತೆ ಮಾಡಿದ. ಈ ಸಲ ಗಂಗಾ ನಗಲಿಲ್ಲ. ಉಂಡೆ ಎಂದು ಉತ್ತರ ಕೊಟ್ಟಳು.

ಹೋಗುವಾಗ ದುರಗಪ್ಪ, ‘ಈ ವರ್ಸ ಇರ್ಲಿ ಬಿಡ್ರಿ’ ಎಂದಷ್ಟೇ ಹೇಳಿದ. ‘ಮುಂದಿನ ವರ್ಷದ ಜಗಳ ಮುಂದಿನ ವರ್ಷ ಆಡೂಣು’ ಎಂದು ರೇಣುಕಾ ನನ್ನ ಕಿವಿಯಲ್ಲಿ ಹೇಳಿದಳು.

ಡ್ರೈವ್ ಏನಾಯಿತು? ಈಗ ಕಾಪಿ ಎರಡಿವೆ. ಒಂದು ಶಾಲೆಯಲ್ಲಿ, ಇನ್ನೊಂದು ತಳಕಲ್ಲಿನ ಅವಳ ಮನೆಯಲ್ಲಿ. ಎಲ್ಲ ಸುರಕ್ಷಿತವಾಗಿದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಟ್ಟೆ. ವಿಂಡೋಸ್, ಮ್ಯಾಕ್ ಎರಡೂ ಅದರಲ್ಲಿ ಓದುತ್ತವೆ, ಬರೆಯುತ್ತವೆ. ಅದನ್ನು ಬರೀ ಸಾಗಿಸಲು ಬಳಸು, ಕೂಡಿಡಲು ಬೇಡ ಎಂದಿದ್ದೇನೆ. ಇಜೆಕ್ಟ್ ಮಾಡದೆ ಕೀಳಬಾರದು ಎಂಬುದಕ್ಕೆ ಮಕ್ಕಳೇ ಒಂದು ಸನ್ನೆ ಕಂಡುಹಿಡಿದು, ಈಗ ತಮ್ಮ ರೇಣುಕಾ ಅಕ್ಕೋರನ್ನೇ ಗದರಿಸುತ್ತಾರಂತೆ.

ಇಷ್ಟೆಲ್ಲ ಸರಿ. ಕಿವಿ ಕೇಳುವ ಮಗು ಇರುವ ಮನೆ ನಿಮ್ಮದು. ಇವತ್ತು ಆ ಮಗುವನ್ನು ‘ಉಂಡೆಯಾ’ ಎಂದು ಕೇಳಿದಿರಾ?